ಎರಡು ಬಾಗಿಲಿನ ಕೋಣೆ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಕಟ್ಟುಕತೆಯಲ್ಲ, ನಮ್ಮ ಪಕ್ಕದ ಮನೆಯ ಹುಡುಗಿ ಬಳ್ಳಿಗೇ ಆದದ್ದು. ಈ ಮಂಗಳ ಗ್ರಹದಲ್ಲೇ ಹುಟ್ಟಿ, ಇಲ್ಲಿನ ಮಕ್ಕಳ ಹಾಗೆ ಸಪೂರಕ್ಕೆ ಉದ್ದ ಬೆಳೆದವಳು, ಅದಕ್ಕೇ ಆ ಹೆಸರು. ಅವಳ ಭಾವ ಭೂಮಿಯಿಂದ ಬಂದ ಗಟ್ಟಿ ಆಳು, ಅವಳಿಗಿಂತ ಎರಡರಷ್ಟು ಗಾಳಿ ಬೇಕು. "ನೀವೊಬ್ರೇ ಒಂದು ಸಂಸಾರದ ಗಾಳಿ ಕುಡೀತೀರಿ ಭಾವ" ಎಂದು ರೇಗಿಸುತ್ತಿದ್ದಳು.

ಅವತ್ತು ಕತ್ತಲಾದ ಮೇಲೆ ಇಬ್ಬರೂ ಹಿಮ ಕರಗಿಸುವ ಬಾವಿಯ ಪಕ್ಕದಿಂದ ಮನೆಗೆ ಬರುತ್ತಿದ್ದರು. ಬಳ್ಳಿ ಮುಂದೆ, ಭಾವ ಹಿಂದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ... ಬಾಗಿಲ ಕೋಣೆಯಲ್ಲಿ ಒಬ್ಬರಿಗಷ್ಟೇ ಜಾಗ, ನಿಮಗೆ ಗೊತ್ತಲ್ಲ. ಹೊರಬಾಗಿಲು ಮುಚ್ಚಬೇಕು, ಗಾಳಿ ತುಂಬಬೇಕು, ಆಮೇಲೆ ಒಳಬಾಗಿಲು. ಬಳ್ಳಿ ಮೊದಲು ಮನೆಯೊಳಗೆ ಬಂದಳು. ಗುಂಡಿ ಒತ್ತಿ ಹೊರಬಾಗಿಲು ತೆರೆದು, ಭಾವನಿಗೆ ಕಾದಳು.

ಧಡ್... ಹೊರಬಾಗಿಲು ಮುಚ್ಚಿತು. ಸುಂಯ್... ಗಾಳಿ ತುಂಬಿತು. ಟಕ್, ಟಕ್... ಒಳಬಾಗಿಲು ಬಡಿದರು.

ಕಿಂಡಿಯಲ್ಲಿ ನೋಡಿದಳು. ಬೆನ್ನು ಹಾಕಿ ನಿಂತಿದ್ದಾರೆ, ಹೆಲ್ಮೆಟ್ ಬಿಚ್ಚಿಯಾಗಿದೆ. ಇನ್ನೇನು ಬಾಗಿಲು ತೆಗೆಯಬೇಕು... ಗೋಡೆಯ ರೇಡಿಯೋದಲ್ಲಿ ಭಾವನ ದನಿ.

"ಬಳ್ಳೀ... ಬಾಗಿಲು ಯಾಕೆ ಮುಚ್ಚಿದೆ? ನಾನಿನ್ನೂ ಹೊರಗಿದೀನಿ... ಬಾವಿ ಹತ್ರ ಬಿದ್ದೆ, ತೆವಳ್ಕೊಂಡು ಬಾಗಿಲ ತನಕ ಬಂದಿದೀನಿ. ಗಾಳಿ ಪೈಪು ಹರಿದಿದೆ..."

"ಭಾವ... ಹಾಗಾದ್ರೆ ಇಲ್ಲಿರೋದು ಯಾರು?"

"ಬೇಗ... ತೆಗಿಯೇ..."

ಹೊರಬಾಗಿಲು ತೆಗೆದರೆ ಕೋಣೆಯಲ್ಲಿ ನಿಂತವರು ಉಸಿರುಕಟ್ಟಿ ಸಾಯುತ್ತಾರೆ. ತೆಗೆಯದಿದ್ದರೆ ಭಾವ... ಅಕ್ಕನಿಗೆ ಯಾವ ಮುಖ ತೋರಿಸುವುದು?

ಟಕ್, ಟಕ್...

"ಯಾರೇ ಆಗಿರಿ, ಮನ್ನಿಸಿ" ಎಂದು ಪಿಸುಗುಟ್ಟಿ, ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಸುಂಯ್... ಗಾಳಿ ಹೋಯಿತು. ಬಡಿತ ನಿಂತಿತು. ಆಮೇಲೆ ಮತ್ತೆ ಧಡ್...

ಗಾಳಿ ತುಂಬಿ ಒಳಬಾಗಿಲು ತೆಗೆದಾಗ, ನೆಲದ ಮೇಲೆ ಭಾವ ಒಬ್ಬರೇ ಬಿದ್ದಿದ್ದರು. ಇನ್ನೊಬ್ಬರ ಸುಳಿವೇ ಇಲ್ಲ.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರೇ ಬೈದರು. "ಹುಚ್ಚು ಹುಡುಗಿ! ಹೊಸ್ತಿಲು ದಾಟೋಕೂ ನನಗೆ ಶಕ್ತಿ ಇರ್ಲಿಲ್ಲ. ನೀನೇ ತೋಳು ಹಿಡಿದು ಒಳಗೆ ಎಳ್ಕೊಂಡೆ, ಜೀವ ಉಳಿಸಿದೆ, ಸರಿ. ಆದ್ರೆ ಆ ಚಳೀಲಿ ಯಾರಾದ್ರೂ ಬರಿಗೈ ಚಾಚ್ತಾರಾ?"

ಬಳ್ಳಿ ಒಳಬಾಗಿಲು ಬಿಟ್ಟು ಕದಲಿರಲೇ ಇಲ್ಲ...

ನಂಬದಿದ್ದರೆ ಹೋಗಿ ಭಾವನನ್ನೇ ಕೇಳಿ, ಇನ್ನೂ ಇದ್ದಾರೆ. ಅವತ್ತು ಅವರು ತೊಟ್ಟಿದ್ದ ಉಡುಪಿನ ತೋಳಿನ ಮೇಲೆ ಬೆರಳಿನ ಗುರುತು ಹಾಗೇ ಉಳಿದಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ಬಳ್ಳಿ ಅದರ ಮೇಲೆ ತನ್ನ ಕೈ ಇಟ್ಟು ತೋರಿಸಿದಳು... ಆ ಬೆರಳುಗಳು ಅವಳವಕ್ಕಿಂತ ಒಂದು ಗೆಣ್ಣು ಉದ್ದ.