ಹೊರಗಿನ ವಕೀಲರಿಗೆ ಬಾರದ ವಿದ್ಯೆ

ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಸಾಲಿನಲ್ಲಿದ್ದ ಟೈಲರಮ್ಮನ ಮುಂದೆ ಇಬ್ಬರು ಕರಿಕೋಟಿನವರು ನಿಂತಿದ್ದರು. ಹಿರಿಯರನ್ನು ಅವಳು ಬೆನ್ನು ನೋಡಿಯೇ ಗುರುತಿಸಿದಳು. ಒಂಬತ್ತು ವರ್ಷದಿಂದ ಅವಳ ಮನೆಗೋಡೆಯ ಕೇಸು ಹಿಡಿದಿರುವ ವಕೀಲರು. ಬೆಳಿಗ್ಗೆಯಷ್ಟೇ ಅವರ ಜೂನಿಯರ್, ‘ಸಾಹೇಬರಿಗೆ ವಿಪರೀತ ಜ್ವರ’ ಎಂದು ಜಡ್ಜ್ ಎದುರು ಹೇಳಿ ಮೂರು ತಿಂಗಳ ವಾಯಿದೆ ಪಡೆದಿದ್ದ. ಆ ಜ್ವರದ ಮನುಷ್ಯ ಈಗ ಗುಂಡುಕಲ್ಲಿನಂತೆ ನಿಂತು ಗುಡುಗುತ್ತಿದ್ದರು.

“ಹೊರದೇಶದ ವಕೀಲರನ್ನ ಒಳಗೆ ಬಿಟ್ಕೊಳ್ತಾರಂತಲ್ರೀ!”

“ದೊಡ್ಡ ಕಂಪನಿಗಳ ಕೆಲಸಕ್ಕೆ ಮಾತ್ರ ಅಂತೆ ಸಾರ್,” ಎಂದರು ಜೊತೆಯವರು.

“ಬೆರಳು ತೋರಿಸಿದ್ರೆ ಹಸ್ತ ನುಂಗೋ ಜನ ಅವ್ರು.”

“ಕೆಲಸ ಬೇಗ ಮುಗಿಸ್ತಾರಂತೆ.”

“ಮುಗಿಸೋದೇನ್ ಮಹಾ ವಿದ್ಯೆ? ಕಕ್ಷಿದಾರರ ಕಷ್ಟ ಗೊತ್ತಿರ್ಬೇಕು. ನನ್ನ ಕಕ್ಷಿದಾರರು ನನಗೆ ಮನೆಮಂದಿ ಇದ್ದ ಹಾಗೆ. ಮುಖ ನೋಡಿದ್ರೆ ಸಾಕು, ಕೇಸ್ ನಂಬರ್ ಹೇಳ್ತೀನಿ.”

ಅಷ್ಟರಲ್ಲಿ ಅವರ ಪ್ರತಿಗಳು ಬಂದವು. ವಕೀಲರು ತಿರುಗಿ ಒಂದು ಹಾಳೆಯನ್ನೂ ಪೆನ್ನನ್ನೂ ಟೈಲರಮ್ಮನ ಕೈಗಿಟ್ಟರು.

“ಒಂದು ಸಹಿ ಹಾಕಿ ತಾಯಿ. ಹೊರಗಿನ ವಕೀಲರು ಬರ್ಬಾರ್ದು ಅಂತ ಮನವಿ. ನಿಮ್ಮಂಥೋರಿಗೋಸ್ಕರಾನೇ ಈ ಹೋರಾಟ. ಅಂದಹಾಗೆ, ನಿಮ್ಮ ವಕೀಲರು ಯಾರು?”

ಅವಳು ಅವರ ಮುಖವನ್ನೇ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು.

“ಅವ್ರಿಗೆ ವಿಪರೀತ ಜ್ವರ ಸಾರ್. ಎದ್ದು ನಿಲ್ಲೋಕೂ ಆಗಲ್ವಂತೆ.”

“ಅಯ್ಯೋ ಪಾಪ! ನೀವೇನೂ ಗಾಬರಿಯಾಗ್ಬೇಡಿ ತಾಯಿ,” ಎಂದು ವಕೀಲರು ಹಾಳೆ ಹಿಡಿದು ಮುಂದಿನ ಅಂಗಡಿಯತ್ತ ಹೊರಟರು. “ವಾಯಿದೆ ಸಿಕ್ಕೇ ಸಿಗುತ್ತೆ.”