ಕೊನೆಯಲ್ಲಿ ನೀತಿ ಇಲ್ಲದ ಕಥೆ

ಕುಣಿಗಲ್ ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಬಸವಲಿಂಗಮ್ಮನ ಮುಂದಿನ ಸೀಟಿನಲ್ಲೇ ಜಗಳ. ಹೆಬ್ಬೂರಿಗೆ ಟಿಕೆಟ್ ತೆಗೆಸಿದ್ದ ಹೆಡ್‌ಮಾಸ್ಟರು, ಪಕ್ಕದ ಟೀಚರಮ್ಮ ಜರ್ಮನ್‌ನಿಂದ ಕನ್ನಡಕ್ಕೆ ತಂದ ಮಕ್ಕಳ ಕಥೆಯ ಹಾಳೆಗಳನ್ನು ತಿರುವುತ್ತಿದ್ದರು.

“ಕೊನೇಲಿ ನೀತಿ ಎಲ್ಲಮ್ಮ?”

“ಎಷ್ಟ್ ಸಲ ಹೇಳ್ಲಿ ಸಾರ್? ಜರ್ಮನ್‌ನವ್ರು ನೀತಿ ಬರೆಯಲ್ಲ. ಮಕ್ಕಳಿಗೇ ಬಿಟ್ಬಿಡ್ತಾರೆ.”

“ನಮ್ಮ ಕಥೇಲಿ ಮಕ್ಕಳು ತಪ್ಪು ಮಾಡಿ ಬುದ್ಧಿ ಕಲೀತವೆ. ಇಲ್ಲಿ ಅಪ್ಪನೇ ಮಗಳ ಹತ್ರ ಸಾರಿ ಕೇಳ್ತವ್ನೆ. ಅದನ್ನ ತೆಗೀರಿ.”

“ತೆಗೆದ್ರೆ ಕಥೇಲಿ ಇನ್ನೇನ್ ಉಳೀತದೆ?”

“ನಮ್ ಕಡೆ ಯಾವ ಅಪ್ಪ ಸಾರಿ ಕೇಳ್ತಾನಮ್ಮ?”

“ಕೇಳಲ್ಲ ಸಾರ್. ನೀವು ನಿಮ್ಮ ಮಗಳು ಕಾವ್ಯನ ಡ್ರಾಯಿಂಗ್ ಬುಕ್ ಹರಿದು ಹಾಕಿದ್ರಲ್ಲ, ಅವತ್ತು ನನ್ ಕ್ಲಾಸಲ್ಲಿ ಕೂತು ಅತ್ತಳು.”

ಹೆಡ್‌ಮಾಸ್ಟರು ಎದ್ದು ನಿಂತರು.

“ನನ್ ಸ್ಟಾಪ್ ಬಂತು.”

ಇಳಿದುಹೋದರು, ಹಾಳೆಗಳ ಸಮೇತ. ಹೆಬ್ಬೂರು ಇನ್ನೂ ಮೂರು ಮೈಲಿ ಇತ್ತು.