ಗಾಡಿ ತುಂಬ್ಯದ ಅಕ್ಕಾ

ಲೈಟ್ ಹೋದ್ರ ಹೋಗ್ಲಿ, ಮೋಂಬತ್ತಿ ಹಚ್ಚಬ್ಯಾಡ್ರಿ. ಹಿಂಗೇ ಕುಂದ್ರಿ. ಇದು ಕಟ್ಟುಕತಿ ಅಲ್ಲ. ನನ್ನ ಕಾಕಾನ ಮಗ ರಮೇಶಕುಮಾರಗ ಆಗಿದ್ದು. ನಾನೂ ಅಲ್ಲಿದ್ದೆ.

ಹೋದ ಚಳಿಗಾಲ. ಶನಿವಾರ. ಅಂವ ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರ್ಯಾಗ ಶಿಫ್ಟ್ ಮುಗಿಸಿ ನಮ್ಮೂರು ಆಡಕಿಗಿ ಬರೋದ್ರಾಗ ಊರೆಲ್ಲ ಮಲಗಿತ್ತು. ಬಸ್ ಸ್ಟ್ಯಾಂಡಿನಿಂದ ಮನಿಗಿ ಬರ್ಬೇಕಂದ್ರ ಹಳೀ ಬಾವಿ ದಾಟ್ಬೇಕು. ಹಗ್ಗ ಇಲ್ಲ, ಕೊಡ ಇಲ್ಲ... ಆದ್ರೂ ರಾಟಿ ತಿರಗ್ಲಿಕತ್ತಿತ್ತಂತ. ಕೀಂವ್... ಕೀಂವ್...

ಹಿಂದಿನಿಂದ ಸಣ್ಣ ದನಿ. "ನಾಳಿ ಎಲ್ಲಿಗಿ ಹೊಂಟೀರೋ ತಮ್ಮಾ?"

"ದೇಶಮುಖರ ವಾಡೇಕ, ಅಕ್ಕಾ."

"ನಾನೂ ಬರ್ಲೇನು?"

"ಗಾಡಿ ತುಂಬ್ಯದ ಅಕ್ಕಾ. ಮುಂದಿನ ಸರ್ತಿ."

ರೂಢಿ ನೋಡ್ರಿ, ಬಾಯಿ ತಾನೇ ಅಂದುಬಿಡ್ತು. ನಾಕು ಹೆಜ್ಜಿ ಹೋದ ಮ್ಯಾಲ ನೆನಪಾತು... ಅಕ್ಕ ಸತ್ತು ಆಗಲೇ ಭಾಳ ದಿನ ಆಗಿತ್ತು.

ಓಡಿ ಬಂದು ನನ್ನ ಬಾಗಲ ಬಡದ. ನೀರು ಕೊಟ್ಟೆ. ಎಲ್ಲಾ ಹೇಳ್ದ. ನನಗ ಸಿಟ್ಟು ನೆತ್ತಿಗೇರಿತು. "ಬಾವಿ ಹತ್ರ ಯಾರರೆ ಕರದ್ರ ಓ ಅನಬಾರ್ದಂತ ಸಣ್ಣ ಹುಡುಗುರಿಗೂ ಗೊತ್ತದ. ನೀ ಓ ಅಂದಿದ್ದಲ್ದ ಸತ್ತಾಕಿಗೂ ಜಾಗಾ ಇಲ್ಲ ಅಂದು ಬಂದೀಯೇನೋ?"

ಜಗದೇವಿ ಅಂದ್ರ ರಮೇಶನ ಒಡಹುಟ್ಟಿದ ಅಕ್ಕ. ಗಂಡ ತೀರಿದ ಮ್ಯಾಲ ಇವನ ಮನ್ಯಾಗೇ ಇದ್ಳು. ಇವನಿಗಿ ತಿರಗೂ ಹುಚ್ಚು. ಐತವಾರ ಬಂತಂದ್ರ ಕ್ರೂಸರ್ ಗಾಡಿ. ಮಳಖೇಡದ ಕೋಟಿ, ಜಮೀನ್ದಾರರ ಹಳೀ ವಾಡೇಗೋಳು, ನವಾಬರ ಕಾಲದ ತ್ವಾಟಗೋಳು... ಎಲ್ಲಿ ಮೊದಲು ಇಳೀಬೇಕು, ಯಾವ ಗಿಡದ ನೆಳ್ಳಾಗ ಬುತ್ತಿ ಬಿಚ್ಚಬೇಕು, ಎಲ್ಲಾ ವಾರದ ಮುಂಚೇನೇ ಇವನೇ ಗೊತ್ತು ಮಾಡಾಂವ. ಬುತ್ತಿ ಮಾತ್ರ ಅಕ್ಕಂದು. ಕೋಳಿ ಕೂಗೂಕ್ಕಿಂತ ಮೊದಲೇ ಎದ್ದು ರೊಟ್ಟಿ ಬಡೀತಿದ್ಳು. ಟಪ್ ಟಪ್ ಟಪ್... ನಮ್ಮ ಓಣಿ ಆ ಸಪ್ಪಳಕ್ಕೇ ಏಳ್ತಿತ್ತು. ಬುತ್ತಿ ಕಟ್ಟಿ, ಕೈ ಸೆರಗಿಗಿ ಒರಸ್ಕೋತ ಬಾಗಲಕ್ಕ ಬಂದು ಕೇಳ್ತಿದ್ಳು. "ವಾಡೇದಾಗ ತೂಗುಮಂಚ ಇರ್ತಾವಂತಲ್ಲೋ. ಒಮ್ಮಿ ಕುಂತು ನೋಡ್ತೀನಿ, ನಾನೂ ಬರ್ಲೇನು?"

"ಗಾಡಿ ತುಂಬ್ಯದ ಅಕ್ಕಾ. ಮುಂದಿನ ಸರ್ತಿ."

ಚಾಪಿಗಿ ಜಾಗಾ ಇತ್ತು, ನೀರಿನ ಕ್ಯಾನಿಗಿ ಇತ್ತು. ಅಕ್ಕಗ ಇರಲಿಲ್ಲ! ಮ್ಯಾಲ ಕಳ್ಳರ ಅಂಜಿಕಿ ಅಂತ ಆಕಿನ್ನ ಒಳಗ ಬಿಟ್ಟು ಹೊರಗಿಂದ ಕೀಲಿ ಜಡದು ಹೋಗ್ತಿದ್ದ.

ಒಂದು ಬ್ಯಾಸಗಿ ಐತವಾರ ಆಕಿಗಿ ಎದಿ ನೋವು ಬಂತು. ಬಾಗಲಕ್ಕ ಬಂದು ಎರಡೂ ಕೈಲೆ ಬಡದ್ಳು. ಟಪ್... ಟಪ್... ನಾನು ಆವಾಗ ವಾಡಿ ಊರಾಗ ಮಗಳ ಮನ್ಯಾಗ ಇದ್ದೆ. ಓಣಿ ಮಂದಿಗಿ ಕೇಳಸ್ತಂತ. ಜಗದೇವಿ ರೊಟ್ಟಿ ಬಡೀಲಿಕತ್ತಾಳ ಅಂದ್ಕೊಂಡ್ರಂತ.

ಸಂಜಿಕಿ ಇವ್ರು ಬಂದು ಕೀಲಿ ತಗದ್ರ ಆಕಿ ಬಾಗಲ ಹಿಂದೇ ಬಿದ್ದಿದ್ಳು. ಅಂಗೈ ಬಾತಿದ್ದವು. ಬುತ್ತಿ ಡಬ್ಬ್ಯಾಗ ಆಕಿ ಬಡದ ರೊಟ್ಟಿ ಇನ್ನಾ ಉಳದಿದ್ದವು.

ಅಷ್ಟಾದ್ರೂ ತಿರಗೋದು ಬಿಟ್ನೇನು ಆ ಮೂಳ!

ಬಾವಿ ಮಾತು ಕೇಳಿ ನಾ ಹೇಳ್ದೆ, "ನಾಳಿ ಹೋಗಬ್ಯಾಡ. ನಿನ್ನ ಬಿಡಂಗಿಲ್ಲ ಆಕಿ."

"ಹುಡುಗುರಿಗಿ ಹೇಳಿಬಿಟ್ಟೀನಿ ಶಿವಕ್ಕಾ. ನೀನೂ ಬಾ. ನನಗ ಅಂಜಿಕಿ ಬರ್ಲಿಕತ್ತದ. ಒಂದು ಜಾಗಾ ಅದ."

"ಅದ?" ಅಂದೆ. ಆದ್ರೂ ಮುಂಜಾನಿ ಅವರ ಸಂಗಟ ಗಾಡಿ ಹತ್ತಿದೆ.

ಚಿಂಚೋಳಿ ಕಡಿ ಹಳ್ಳಿ ಅದು, ಹೆಸರು ಬ್ಯಾಡ. ದೇಶಮುಖರ ವಾಡೆ. ಹಿಂದ ತ್ವಾಟ, ನೀರಿಲ್ಲದ ಕಾರಂಜಿ, ಅಂಜೂರದ ಗಿಡ. ವಾಡೆ ಕಾಯೂ ಮಜೀದಸಾಬ ಬಾಗಲ ತಗದು ಕೊಟ್ಟು ಗೇಟಿನ ಹತ್ರ ಹೋಗಿ ಕುಂತ. ರಮೇಶ ದಿನಪೂರ್ತಿ ಮಕ್ಕಳ ಕೈ ಹಿಡ್ಕೊಂಡೇ ತಿರಗ್ದ. ಪಡಸಾಲ್ಯಾಗಿನ ತೂಗುಮಂಚ ಖಾಲಿ ತೂಗ್ಲಿಕತ್ತಿತ್ತು. ಕಿರ್ರ್... ಕಿರ್ರ್... ಅಂವ ಗಾಳಿ ಅಂದ. ಅಂಜೂರದ ಎಲಿ ಒಂದೂ ಅಳಗಾಡಲಿಲ್ಲ.

ಹೊಂಡೂ ಹೊತ್ತಿಗಿ, "ಹಿಂದಿನ ಅಡಗಿ ಖೋಲಿ ಒಂದು ನೋಡಿ ಬರ್ತೀನಿ" ಅಂತ ಒಳಗ ಹೋದ. ಫೋನ್ ಹೇಂತಿ ಲಕ್ಷ್ಮಿ ಕೈಯಾಗ ಇತ್ತು, ಮಕ್ಕಳ ಫೋಟೋ ತಗೀಲಿಕತ್ತಿದ್ಳು. ನಾವು ಚಾಪಿ ಮಡಚಲಿಕತ್ತಿದ್ವಿ. ಆವಾಗ ಕೇಳಸ್ತು.

ಟಪ್... ಟಪ್... ಟಪ್...

"ಅಯ್ಯ, ಯಾರೋ ರೊಟ್ಟಿ ಬಡೀಲಿಕತ್ತಾರ" ಅಂದ್ಳು ಲಕ್ಷ್ಮಿ. ಗ್ವಾಡಿ ಆಚಿಗಿ ಮನಿ ಇರಬೇಕು ಅಂದ್ಕೊಂಡ್ವಿ.

ಗಾಡಿಗಿ ಬಂದ್ರ ಮುಂದಿನ ಸೀಟಿನ್ಯಾಗ ಅಂವ ಆಗಲೇ ಕುಂತಿದ್ದ. ತಲಿತನಕ ಅವಂದೇ ಶಾಲು. ಡ್ರೈವರ್ ದಿಲೀಪ ಬಾಯಿ ಮ್ಯಾಲ ಬೆರಳಿಟ್ಟ. "ಅಣ್ಣಾರು ಮಲ್ಕೊಂಡಾರ್ರಿ." ಹಿಂದ ನಾವೆಲ್ಲ ಒತ್ತಿ ಕುಂತ್ವಿ. ಗಾಡಿ ತುಂಬಿತ್ತು.

ಆಡಕಿ ಬಂತು. ಲಕ್ಷ್ಮಿ ಇಳದು ಮುಂದಿನ ಬಾಗಲ ತಗದು, "ಏಳ್ರಿ, ಊರು ಬಂತು" ಅಂತ ಶಾಲು ಎಳದ್ಳು.

ಸೀಟಿನ್ಯಾಗ ಯಾರೂ ಇರಲಿಲ್ಲ.

ತಿರುಗಿ ಹೋದ್ವಿ. ಮಜೀದಸಾಬ ಬ್ಯಾಟರಿ ಹಿಡ್ಕೊಂಡು ಮುಂದ ನಡದ. ಅಡಗಿ ಖೋಲಿಗಿ ಹೊರಗಿಂದ ಚಿಲಕ ಬಿದ್ದಿತ್ತು. "ಅಲ್ಲಾನ ಆಣಿ ಅವ್ವಾ, ನಾ ಹಾಕಿಲ್ಲ. ಈ ಕದಕ್ಕ ನಾ ಚಿಲಕಾನೇ ಹಾಕಂಗಿಲ್ಲ" ಅಂದ. ಗ್ವಾಡಿ ಆಚಿಗಿ ಯಾರ ಮನಿ ಅಂತ ಕೇಳ್ದೆ. ಮನಿ ಎಲ್ಲಿದು, ಬರೀ ತೊಗರಿ ಹೊಲ ಅಂದ.

ರಮೇಶ ಬಾಗಲ ಹಿಂದೇ ಬಿದ್ದಿದ್ದ. ಮೈ ತಣ್ಣಗ ಆಗಿತ್ತು. ಎರಡೂ ಅಂಗೈ ಬಾತಿದ್ದವು. ಎದಿ ನಿಂತು ಸತ್ತಾನ ಅಂದ್ರು ಡಾಕ್ಟರು. ಎಲ್ಲಾರೂ ಅತ್ರು. ನಾ ಅಳಲಿಲ್ಲ. ನನ್ನ ಕಣ್ಣೀರು ಜಗದೇವಿಗಿ ಅತ್ತೇ ಮುಗದಿತ್ತು. ಕಡೀಗೂ ಆಕಿಗಿ ಗಾಡ್ಯಾಗ ಜಾಗಾ ಸಿಕ್ತು.

ನಂಬ್ರಿ, ಬಿಡ್ರಿ. ಆ ಖೋಲ್ಯಾಗ ಒಲಿ ಹಚ್ಚಿ ಯಾವ ಕಾಲ ಆಗಿತ್ತೋ. ಆದ್ರ ಚಿಲಕ ತಗದಾಕಿ ನಾನು, ಇದೇ ಕೈಲೆ. ಹೊರಗಿನ ಆ ಚಿಲಕಕ್ಕ ಜೋಳದ ಹಿಟ್ಟು ಮೆತ್ತಿತ್ತು... ಇನ್ನಾ ಹಸಿ ಇತ್ತು.